ಗಾಳಿಹುಡುಗಿಯ ಎಡತೋಳು

“ಕಣ್ಣು ಮುಚ್ಚು. ಮುಚ್ಚಿದ್ಯಾ? ಈಗ ಹೇಳು, ಅವಳ ಕಾಲಲ್ಲಿ ಏನಿದೆ?”

“ಬೂಟು ಎಜೆ. ವೆಲ್ಡಿಂಗ್‌ನೋರು ಹಾಕ್ಕೊಳ್ತಾರಲ್ಲ, ಅಂಥ ದಪ್ಪ ಬೂಟು.”

“ಕಣ್ಣಿಗೆ?”

“ವೆಲ್ಡಿಂಗ್ ಕನ್ನಡಕ. ಒಂದು ಗಾಜು ಬಿರುಕು ಬಿಟ್ಟಿದೆ. ನಾನೇ ಬರ್ದಿದ್ದಲ್ವಾ, ನಂಗೆ ಗೊತ್ತಿಲ್ದೆ ಇರುತ್ತಾ?”

“ಈಗ ಕಣ್ಣು ಬಿಟ್ಟು ಗೋಡೆ ನೋಡು” ಎಂದಳು ಬುರುಲ್.

ಮೀರ್‌ಗುಲ್ ಕಣ್ಣು ಬಿಟ್ಟಳು. ಸುರಂಗದಾರಿಯ ಗೋಡೆಯ ಮೇಲೆ, ಫೋನ್ ರಿಪೇರಿಯ ಜಾಹೀರಾತಿಗೂ ಹಲ್ಲಿನ ಡಾಕ್ಟರ ಜಾಹೀರಾತಿಗೂ ನಡುವಿನ ಪೋಸ್ಟರಿನಲ್ಲಿ, ಗಾಳಿಹುಡುಗಿ ಹಾರುತ್ತಿದ್ದಳು. ತಲೆತುಂಬ ಸಣ್ಣ ಸಣ್ಣ ಜಡೆ. ಬೆನ್ನಿಗೆ ಕೊಂಬಿನ ಚಿತ್ತಾರದ ಉಣ್ಣೆಯ ಹೊದಿಕೆ. ಅಂಗಿಯ ಬಲತೋಳು ಮೊಣಕೈವರೆಗೆ, ಎಡತೋಳು ಮಾತ್ರ ಬೆರಳನ್ನೂ ದಾಟಿ ಒಂದು ಮಾರು ಉದ್ದ ಹರಿದಾಡುತ್ತಿತ್ತು.

ಕಾಲು ಬರಿಗಾಲು. ಕಣ್ಣು ಬರಿಗಣ್ಣು.

“ಬೂಟು... ನಿನ್ನೆ ಇತ್ತು ಎಜೆ!”

“ನಿನ್ನೆನೂ ಇರ್ಲಿಲ್ಲ. ನಾವಿಬ್ರೂ ನೋಡಿರ್ಲಿಲ್ಲ, ಅಷ್ಟೆ. ಕಳ್ಳತನ ಆಯ್ತು ಅಂತ ಬಾಯಿ ಬಡ್ಕೊಳ್ಳೋವಾಗ ಕಣ್ಣು ರಜಾ ಹಾಕಿರುತ್ತೆ.”

ನಿನ್ನೆ ಬೆಳಗ್ಗೆಯಿಂದ ಬಿಷ್ಕೆಕ್‌ನ ಗೋಡೆಗಳ ಮೇಲೆ ಮೀರ್‌ಗುಲ್‌ಳ ಕಾಮಿಕ್ಸ್ ನಾಯಕಿ, ಕುಬಾತ್ ಎಂಬ ಪ್ರಕಾಶಕನ ಹೆಸರಿನಡಿ ಹಾರುತ್ತಿದ್ದಳು. ಅವಳನ್ನು ಹಾರಿಸಿಕೊಂಡು ಹೋದವರು ಯಾರೆಂದು ಪತ್ತೆ ಹಚ್ಚುವುದು ಬುರುಲ್‌ಳ ಕೆಲಸವಾಗಿತ್ತು.

ಈ ಸಂಜೆ ಐದಕ್ಕೆ ಕಾಮಿಕ್ಸ್ ಮೇಳದ ಸಮಿತಿ ಸೇರುತ್ತದೆ. ಗಾಳಿಹುಡುಗಿ ಹುಟ್ಟಿದ್ದು ತನ್ನ ಕೈಯಲ್ಲೇ ಎಂದು ಮೀರ್‌ಗುಲ್ ಅಷ್ಟರೊಳಗೆ ತೋರಿಸಿಕೊಡಬೇಕು. ಇಲ್ಲವಾದರೆ ನಾಳೆಯ ಮೇಳದಲ್ಲಿ ಅವಳಿಗೆ ಮೇಜಿಲ್ಲ, ಮೂರು ವರ್ಷ ಬೆನ್ನು ಬಗ್ಗಿಸಿ ಬರೆದ ಪುಸ್ತಕಕ್ಕೆ ಮುಖವಿಲ್ಲ. ಉಳಿಯುವುದು ನಕಲುಗಾತಿ ಎಂಬ ಹೆಸರೊಂದೇ.

ಬುರುಲ್ ಗಡಿಯಾರ ನೋಡಿಕೊಂಡಳು. ಹನ್ನೊಂದೂವರೆ. ಐವತ್ತನಾಲ್ಕು ವರ್ಷದ ಅವಳು ಇಪ್ಪತ್ತಾರು ವರ್ಷ ಪೊಲೀಸ್ ಠಾಣೆಯ ಸಾಕ್ಷ್ಯಗಳ ಕೋಣೆ ಕಾದವಳು. ಹತ್ತು ವರ್ಷ ಚಿಕ್ಕವರಿಗೂ ಅವಳು ಎಜೆ, ಹತ್ತು ವರ್ಷ ದೊಡ್ಡವರಿಗೂ ಎಜೆ. ಒಟ್ಟಿನಲ್ಲಿ ಊರಿಗೇ ಅಕ್ಕ. ಯಾರ ದನಿ ಒಮ್ಮೆ ಕೇಳಿದರೂ ಅದನ್ನು ಗಂಟಲಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದಳು. ಆ ವಿದ್ಯೆಯಿಂದಾಗಿಯೇ ಅವಳಿಗೆ ಬಡ್ತಿ ತಪ್ಪಿತ್ತು: ಮೇಲಧಿಕಾರಿಯ ದನಿಯಲ್ಲಿ ಮೇಲಧಿಕಾರಿಗೇ ಫೋನ್ ಮಾಡಿದ್ದಳು.

ಆದರೆ ಇವತ್ತು ಅವಳಿಗೆ ನಗು ಬರುತ್ತಿರಲಿಲ್ಲ. “ನಿನ್ನ ಹಾಳೆ ನೋಡಿರೋದು ನಾಲ್ಕೇ ಜನ. ಕಳ್ಳ ಆ ನಾಲ್ಕರಲ್ಲೇ ಇದ್ದಾನೆ” ಎಂದು ನಿನ್ನೆ ಹೇಳಿದವಳು ಅವಳೇ. ಆ ಮಾತು ನಂಬಿ ಮೀರ್‌ಗುಲ್ ಇವತ್ತು ಬೆಳಗ್ಗೆ ತನ್ನ ಜೊತೆಗಾರ, ಪುಸ್ತಕಕ್ಕೆ ಮಾತು ಬರೆಯುವ ತಿಲೆಕ್‌ನನ್ನು ಬಾಯಿಗೆ ಬಂದಂತೆ ಬೈದು ಹೊರಗೆ ಹಾಕಿದ್ದಳು.

“ನಡಿ, ನಿನ್ನ ಕೋಣೆಗೆ. ಬೇಗ.”

ಹೊರಗೆ ಪಾಪ್ಲರ್ ಮರಗಳು ಹತ್ತಿ ಉದುರಿಸುತ್ತಿದ್ದವು. ಮೂಗಿಗೆ, ಬಾಯಿಗೆ, ಕತ್ತಿಗೆ ಎಲ್ಲೆಂದರಲ್ಲಿ ಬಂದು ಅಂಟಿಕೊಳ್ಳುವ ಜೂನ್ ತಿಂಗಳ ಹತ್ತಿ. ಮೀರ್‌ಗುಲ್ ಓಡುತ್ತಿದ್ದಳೋ ನಡೆಯುತ್ತಿದ್ದಳೋ ಹೇಳುವುದು ಕಷ್ಟ. ಬುರುಲ್ ಸೀನುತ್ತ ಹಿಂದೆ ಹಿಂದೆ.

*

ಮೀರ್‌ಗುಲ್‌ಳ ಮನೆಯೂ ಕೆಲಸದ ಕೋಣೆಯೂ ಒಂದೇ. ಒಂದು ಗೋಡೆಯ ತುಂಬ ಗಾಳಿಹುಡುಗಿಯರು. ಮೊದಲನೆಯವಳು ಕಡ್ಡಿಯಂತೆ ತೆಳ್ಳಗಿದ್ದಳು, ಹತ್ತನೆಯವಳಿಗೆ ಮೀನಿನ ಬಾಲದಂಥ ಲಂಗ, ಇಪ್ಪತ್ತನೆಯವಳ ಮುಖವನ್ನು ಯಾರೋ ಸಿಟ್ಟಿನಿಂದ ಗೀಚಿದ್ದರು. ಕೊನೆಯಲ್ಲಿ ಮಾದರಿ ಹಾಳೆ: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಒಬ್ಬಳೇ ಹುಡುಗಿ. ಅದರ ಪಕ್ಕದಲ್ಲೇ ಗೋಡೆಗೆ ತೂಗುಹಾಕಿದ ಹಳೆಯ ಶಿರ್ದಕ್, ಕಪ್ಪು ಉಣ್ಣೆಯ ಮೇಲೆ ಕೆಂಪು ಕೊಂಬುಗಳ ಹಾಸು.

“ಕೂತ್ಕೊ. ಇವಳ ತಲೆಯಿಂದ ಕಾಲಿನವರೆಗೆ ಏನೇನಿದೆಯೋ ಎಲ್ಲದಕ್ಕೂ ವಿಳಾಸ ಹೇಳು. ಭುಜ ಎಲ್ಲಿಂದ ಬಂತು?”

“ಓಷ್ ಬಜಾರಲ್ಲಿ ಹಿಟ್ಟಿನ ಮೂಟೆ ಇಳಿಸೋ ಹೆಂಗಸ್ರದ್ದು. ಮೂರು ದಿನ ಅಲ್ಲೇ ಕೂತು ಬರ್ದೆ. ತಿಲೆಕ್ ‘ಇವಳೇನು ಹಾರ್ತಾಳೋ, ವಿಮಾನ ಎತ್ಕೊಂಡು ಹೋಗ್ತಾಳೋ’ ಅಂತ ಅಣಕಿಸ್ದ.”

“ಮೂಗು?”

“ನಂದು. ತಿಲೆಕ್ ಸಣ್ಣ ಮೂಗು ಬೇಕು ಅಂದ. ಜಗಳ ಆಯ್ತು. ಆಮೇಲೆ ಹಟಕ್ಕೆ ಇನ್ನೂ ದೊಡ್ಡದು ಮಾಡ್ದೆ.”

“ಬೂಟು, ಕನ್ನಡಕ?”

“ಕೆಳಗಿನ ಮನೆ ಗ್ಯಾರೇಜಲ್ಲಿ ಒಬ್ರು ವೆಲ್ಡಿಂಗ್ ಮಾಡ್ತಾರೆ, ಅವ್ರದ್ದು. ಬಿಗಿ ಬಟ್ಟೆ ಹಾಕ್ಕೊಂಡು, ಎತ್ತರದ ಹಿಮ್ಮಡಿ ಮೆಟ್ಕೊಂಡು ಬೆಟ್ಟದ ಮೇಲೆ ಯಾರು ಹಾರ್ತಾರೆ ಎಜೆ? ಇಳಿಯೋವಾಗ ಕಾಲು ಉಳುಕಲ್ವಾ? ನಮ್ಮವಳು ಕೆಲಸದವಳು. ಹಾರೋದು ಅವಳ ಕೆಲಸ.”

ಇದನ್ನು ಹೇಳುವಾಗ ಮೀರ್‌ಗುಲ್‌ಳ ಕೆನ್ನೆ ಕೆಂಪಾಯಿತು. ಎರಡು ದಿನದಲ್ಲಿ ಮೊದಲ ಬಾರಿಗೆ ಅವಳು ಅಳದೆ ಇಷ್ಟು ಹೊತ್ತು ಮಾತಾಡಿದ್ದಳು.

“ಜಡೆಗಳು?”

“ಅಜ್ಜಿ ಹೇಳ್ತಿದ್ದ ಕತೆಯಲ್ಲಿ ಹಾಗಿತ್ತು. ಸೋನುನ್ ಅಜ್ಜಿ. ಎರಡು ವರ್ಷ ಆಯ್ತು ಹೋಗಿ.”

“ಎಡತೋಳು?”

“ಅದೂ ಅಜ್ಜಿದೇ. ಗಾಳಿನ ತೋಳಲ್ಲಿ ಕಟ್ಟಿ ಇಟ್ಕೊಳ್ತಾಳೆ, ಬೇಕಾದಾಗ ಬಿಚ್ಚಿ ಬಿಡ್ತಾಳೆ.”

“ಹೊದಿಕೆ?”

ಮೀರ್‌ಗುಲ್ ಗೋಡೆಯ ಶಿರ್ದಕ್ ಕಡೆ ಕೈ ತೋರಿಸಿದಳು. “ಅಜ್ಜಿ ಮಾಡಿದ್ದು.”

ಬುರುಲ್ ತನ್ನ ಫೋನಿನಲ್ಲಿ ತೆಗೆದುಕೊಂಡಿದ್ದ ಪೋಸ್ಟರಿನ ಚಿತ್ರ ಹಿಡಿದು ಮಾದರಿ ಹಾಳೆಯ ಮುಂದೆ ನಿಂತಳು. ಸಾಕ್ಷ್ಯದ ಕೋಣೆಯಲ್ಲಿ ಒಂದು ವಸ್ತು ತಪ್ಪು ಚೀಲದಲ್ಲಿದೆ ಎಂದು ಗೊತ್ತಾದಾಗಲೂ ಅವಳು ಹೀಗೇ ಒಂದೊಂದನ್ನೂ ಬೆರಳಿಟ್ಟು ಎಣಿಸುತ್ತಿದ್ದಳು.

“ಪೋಸ್ಟರಲ್ಲಿ ಭುಜ ಸಣ್ಣದು. ಮೂಗು ನಿಂದಲ್ಲ. ಬೂಟಿಲ್ಲ, ಕನ್ನಡಕ ಇಲ್ಲ. ನೀನು ಕಷ್ಟಪಟ್ಟು ಕಟ್ಟಿದ್ದು ಒಂದೂ ಇಲ್ಲ. ಇರೋದು ಮೂರೇ: ಜಡೆ, ತೋಳು, ಹೊದಿಕೆ. ಮೂರೂ ನಿಮ್ಮಜ್ಜಿದು.”

“ಕಳ್ಳ ಬೇಕಂತ ಬದಲಾಯಿಸಿದ್ದಾನೆ! ಹೊದಿಕೆ ಬಣ್ಣನೂ ತಿರುಗಿಸಿದ್ದಾನೆ ನೋಡಿ. ನಂದು ಕಪ್ಪಿನ ಮೇಲೆ ಕೆಂಪು, ಅವ್ನದು ಕೆಂಪಿನ ಮೇಲೆ ಕಪ್ಪು.”

“ಹಂಗಂತ ನಾನೂ ಅಂದ್ಕೊಂಡಿದ್ದೆ.” ಬುರುಲ್ ಶಿರ್ದಕ್ಕಿನ ಹತ್ತಿರ ಮೂಗು ತಾಗಿಸಿದಳು. ಸಾಲಾಗಿ ಸುರುಳಿ ಸುತ್ತಿದ ಕೊಂಬುಗಳು. ಎಲ್ಲದರ ತುದಿಯೂ ಚೂಪು. ಕೆಳಸಾಲಿನ ಒಂದು ಕೊಂಬು ಮಾತ್ರ ಮೊಂಡು. ಕತ್ತರಿಸುವಾಗ ಕತ್ತಿ ಜಾರಿದೆ.

“ಈ ಮೊಂಡು ಕೊಂಬು ನಿನ್ನ ಹಾಳೆಯಲ್ಲಿ ಎಲ್ಲಿ?”

“ಸರಿಮಾಡ್ಬಿಟ್ಟೆ. ಹೊದಿಕೆ ನಾನೂರು ಸಲ ಬರೀಬೇಕಿತ್ತು. ಸೊಟ್ಟ ಯಾಕೆ ಅಂತ ತಿದ್ದಿದೆ.”

ಬುರುಲ್ ಫೋನಿನ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಮೀರ್‌ಗುಲ್‌ಳ ಮುಖದ ಮುಂದೆ ಹಿಡಿದಳು.

ಕೆಂಪು ನೆಲ. ಕಪ್ಪು ಕೊಂಬುಗಳು. ಕೆಳಸಾಲಿನಲ್ಲಿ ಒಂದು ಮೊಂಡು.

“ನೀನು ತಿದ್ದಿದ ತಪ್ಪು ಅವನ ಹತ್ರ ಹೆಂಗೆ ಉಳೀತು ಮಗಳೇ?”

“ಅಂದ್ರೆ... ಹಾಳೆ ನೋಡಿ ಬರ್ದಿಲ್ಲ. ನಮ್ಮನೆಗೆ ಬಂದು ಈ ಶಿರ್ದಕ್ ನೋಡಿ...”

“ಹಾಳೆ, ಶಿರ್ದಕ್ ಎರಡೂ ಒಂದೇ ಗೋಡೆ ಮೇಲಿವೆ. ಇಲ್ಲಿ ತನಕ ಬಂದ ಕಳ್ಳ ಇದನ್ನ ನೋಡಿ ಅದನ್ನ ಬಿಟ್ಟು ಹೋಗ್ತಾನಾ? ಇದರ ಜೋಡಿ ಎಲ್ಲಿದೆ?”

“ಯಾವ ಜೋಡಿ?”

“ಅಯ್ಯೋ ಪಟ್ಟಣದ ಕೂಸೇ!” ಬುರುಲ್ ಹಣೆ ಚಚ್ಚಿಕೊಂಡಳು. “ಶಿರ್ದಕ್ ಒಂದನ್ನೇ ಯಾರು ಕತ್ತರಿಸ್ತಾರೆ? ಕೆಂಪು ಉಣ್ಣೆ ಹಾಸು, ಅದರ ಮೇಲೆ ಕಪ್ಪು ಹಾಸು, ಎರಡನ್ನೂ ಸೇರಿಸಿ ಒಂದೇ ಸಲ ಕತ್ತಿ ಆಡಿಸೋದು. ಆಮೇಲೆ ಕೆಂಪಿನ ಕೊಂಬು ಕಪ್ಪಿಗೆ, ಕಪ್ಪಿನ ಕೊಂಬು ಕೆಂಪಿಗೆ. ಚೂರೂ ವ್ಯರ್ಥ ಇಲ್ಲ. ಯಾವಾಗ್ಲೂ ಎರಡು ಹುಟ್ಟುತ್ತೆ, ಅಕ್ಕತಂಗಿ ಥರ. ಕತ್ತಿ ಜಾರಿದ್ರೆ ಇಬ್ಬರಿಗೂ ಒಂದೇ ಗಾಯ.”

ಮೀರ್‌ಗುಲ್ ಅಜ್ಜಿಯ ಶಿರ್ದಕ್ಕನ್ನು ಮೂರು ವರ್ಷದಿಂದ ದಿನಾ ನೋಡುತ್ತಿದ್ದಳು. ಈಗ ಅದು ಅರ್ಧ ಎಂದು ಗೊತ್ತಾಗಿ, ಉಳಿದರ್ಧವನ್ನು ಹುಡುಕುವವಳಂತೆ ಕೋಣೆಯ ಸುತ್ತ ಕಣ್ಣಾಡಿಸಿದಳು.

“ಇಬ್ಬರು ಸೇರಿ ಮಾಡಿದ್ರೆ ಒಬ್ಬೊಬ್ಬರಿಗೆ ಒಂದೊಂದು” ಎಂದಳು ಬುರುಲ್. “ಪೋಸ್ಟರ್ ಬರೆದವರು ಆ ಇನ್ನೊಂದನ್ನ ನೋಡಿದ್ದಾರೆ. ನಿನ್ನ ಹಾಳೆನ ಯಾರೂ ಕದ್ದಿಲ್ಲ. ತಿಲೆಕ್ ಕಳ್ಳ ಅಲ್ಲ. ತಪ್ಪು ನಂದು.”

ಬಾಗಿಲು ಬಡಿದ ಸದ್ದಾಯಿತು. ತಿಲೆಕ್ಕೇ. ಅವನು ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಒಲೆಯ ಪಕ್ಕದ ಕೆಟಲ್ಲಿನ ವೈರು ಕಿತ್ತ.

“ತಿಲೆಕ್, ಕೇಳು, ನಾನು...”

“ಗಾಳಿಹುಡುಗಿ ನಿಂದು ಅಂದ್ಯಲ್ಲ ಬೆಳಗ್ಗೆ. ಸರಿ. ಕೆಟಲ್ ನಂದು.”

“ನೀನಲ್ಲ ಅಂತ ಗೊತ್ತಾಯ್ತು ಕಣೋ.”

“ಗೊತ್ತಾಯ್ತಾ? ಎಜೆ ಹೇಳಿದ್ರಾ?” ತಿಲೆಕ್ ಬುರುಲ್ ಕಡೆ ತಿರುಗಿದ. “ನೆನ್ನೆ ಅವ್ರು ನಾನು ಅಂದ್ರು, ನೀನು ಹೌದು ಅಂದೆ. ಇವತ್ತು ಅವ್ರು ಅಲ್ಲ ಅಂದ್ರು, ನೀನು ಅಲ್ಲ ಅಂದೆ. ಆರು ವರ್ಷದ ಸ್ನೇಹದಲ್ಲಿ ನಿನ್ಗೇ ಅಂತ ಏನೂ ಗೊತ್ತಿರ್ಲಿಲ್ವಾ?”

ಕುದಿಯುವ ನೀರಿನ ಸಮೇತ ಕೆಟಲ್ ಎತ್ತಿಕೊಂಡು ಹೊರಟೇ ಹೋದ. ಮೆಟ್ಟಿಲ ಮೇಲೆ ಅಲ್ಲಲ್ಲಿ ಚೆಲ್ಲುತ್ತ, ‘ಹಾಳಾದ್ದು’ ಎನ್ನುತ್ತ ಇಳಿದ.

ಸಿಕ್ಕಿಬಿದ್ದಾಗ ಬುರುಲ್ ಮಾಡುವುದು ಒಂದೇ ಕೆಲಸ: ಬೇರೆಯವರ ದನಿಯಲ್ಲಿ ಮಾತಾಡುವುದು.

“ನಿನ್ನ ಫೋನ್ ಕೊಡು” ಎಂದಳು. “ಮೂಲ ಚಿತ್ರ ಕುಬಾತ್ ಹತ್ರ ಇರ್ಬೇಕು. ಅದನ್ನ ಅವನ ಕೈಯಿಂದಲೇ ಈಸ್ಕೊಳ್ಳೋಣ.”

ಪೋಸ್ಟರಿನ ಅಡಿಯಲ್ಲಿ ಮುದ್ರಣಾಲಯದ ಹೆಸರಿತ್ತು. ಠಾಣೆಯ ಫಾರಂಗಳೆಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ಅಲ್ಲಿಯ ಯಜಮಾನಿ ನೀನಾ ಸಿಗರೇಟು ಸೇದಿ ಸೇದಿ ಗಂಟಲನ್ನು ಹಳೆಯ ಟ್ರ್ಯಾಕ್ಟರ್ ಮಾಡಿಕೊಂಡ ಹೆಂಗಸು. ಬುರುಲ್ ಎರಡು ಸಲ ಕೆಮ್ಮಿ ಆ ಟ್ರ್ಯಾಕ್ಟರ್ ಚಾಲೂ ಮಾಡಿದಳು.

“ಕುಬಾತ್, ಬಂಗಾರ! ನಾನು ನೀನಾ. ನನ್ನ ಫೋನ್ ಸತ್ತೋಗಿದೆ, ಇನ್ಯಾರದ್ದೋ ಇದು. ನಿನ್ನ ಪೋಸ್ಟರ್ ಎರಡನೇ ಸಲ ಮಿಷನ್ನಿಗೆ ಏರಿಸಿದ್ದೀನಿ, ಕೆಂಪು ಎಲ್ಲಾ ಹರಡ್ಕೊಂಡು ಹುಡುಗಿ ಬೀಟ್‌ರೂಟ್ ಸಾರಿಗೆ ಬಿದ್ದಂಗಿದಾಳೆ. ಮೂಲ ಕಳ್ಸು, ಬಣ್ಣ ಹೊಂದಿಸ್ಬೇಕು. ಏನು? ನಂಬಿಕೆ? ಮೂವತ್ತು ವರ್ಷದಿಂದ ನಿನ್ನ ಕ್ಯಾಲೆಂಡರಲ್ಲಿ ಫೆಬ್ರವರಿಗೆ ಮೂವತ್ತನೇ ತಾರೀಖು ಬರದಂಗೆ ನೋಡ್ಕೊಂಡೋಳು ನಾನು! ನಮ್ಮ ಹೆಂಗಸು ಬರ್ತಾಳೆ, ಹಸಿರು ರುಮಾಲು ಕಟ್ಟಿರ್ತಾಳೆ. ಅವಳ ಕೈಗೆ ಕೊಡು.”

ಮೀರ್‌ಗುಲ್ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಕ್ಕದ್ದಕ್ಕೆ ಅತ್ತಳು.

*

ಕುಬಾತ್‌ನ ಕಚೇರಿ ಎರಡನೇ ಮಹಡಿಯಲ್ಲಿತ್ತು. ಮೀರ್‌ಗುಲ್‌ಳನ್ನು ಮೆಟ್ಟಿಲಲ್ಲೇ ನಿಲ್ಲಿಸಿ ಬುರುಲ್ ಹಸಿರು ರುಮಾಲು ಕಟ್ಟಿಕೊಂಡು ಒಳಗೆ ಹೋದಳು. ಕುಬಾತ್ ಅರವತ್ತರ ಆಸುಪಾಸಿನ ಗುಂಡು ಮನುಷ್ಯ, ಕಣ್ಣ ಕೆಳಗೆ ನಿದ್ದೆಗೆಟ್ಟ ಚೀಲ. ಲಕೋಟೆಯನ್ನು ತಾನೇ ಬಾಗಿಲತನಕ ತಂದುಕೊಟ್ಟ.

“ಹುಷಾರು. ಕಾಗದ ಹಳೇದು.”

“ಆಯ್ತು ಬಾಯ್ಕೆ.” ಬುರುಲ್ ಅಣ್ಣನೆಂದು ತಲೆಬಾಗಿ ತಿರುಗಿದಳು. ಹಳೇದು ಎಂಬ ಮಾತು ಕಿವಿಯಲ್ಲಿ ಮುಳ್ಳಿನಂತೆ ಕೂತಿತು.

“ಏ ತಂಗೀ, ರೊಟ್ಟಿ ಮುಟ್ದೆ ಹೊರಟ್ಯಾ?”

“ಕೆಲಸ ಇದೆ ಬಾಯ್ಕೆ.”

“ಕೆಲಸ ಓಡಿಹೋಗುತ್ತಾ? ನನ್ನ ಮನೆಗೆ ಬಂದೋರು ಒಂದು ತುಣುಕು ಬಾಯಿಗಿಡದೆ ಹೊಸಿಲು ದಾಟಿದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ. ಬಾ.”

ಇದಕ್ಕೆ ಬೇಡ ಎಂದವರು ಆ ಊರಿನಲ್ಲಿ ಯಾರೂ ಇಲ್ಲ. ಬುರುಲ್ ಒಳಗೆ ಹೋಗಿ, ಮೇಜಿನ ಮೇಲಿದ್ದ ದುಂಡು ರೊಟ್ಟಿಯ ಅಂಚು ಮುರಿದು ಬಾಯಿಗಿಟ್ಟಳು. ರೊಟ್ಟಿ ಎರಡು ದಿನದ್ದು. ಅಗಿದಷ್ಟೂ ಮುಗಿಯದು.

ಆಗಲೇ ಕುಬಾತ್‌ನ ಫೋನು ಹೊಡೆದುಕೊಂಡಿತು.

“ಹೇಳು ನೀನಾ. ಹೂಂ, ನಿಮ್ಮ ಹೆಂಗಸು ಇಲ್ಲೇ ಇದ್ದಾಳೆ... ಯಾವ ಹೆಂಗಸು ಅಂದ್ರೆ? ನೀನೇ ಅಲ್ವಾ... ಬೀಟ್‌ರೂಟ್ ಸಾರು ಅಂದ್ಯಲ್ಲ... ಅನ್ಲಿಲ್ವಾ?” ಅವನು ಮೆಲ್ಲಗೆ ಫೋನು ಕೆಳಗಿಟ್ಟ. ಬುರುಲ್‌ಳನ್ನು ನೋಡಿದ. ಅಗಿಯುತ್ತಿದ್ದ ಅವಳ ದವಡೆ ನಿಂತಿತು.

“ನೀನಾ ಅಲ್ಲಿದ್ದಾಳೆ. ಹಾಗಾದ್ರೆ ಆಗ ಮಾತಾಡಿದ್ದು ಯಾರು?”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಬುರುಲ್ ರೊಟ್ಟಿ ನುಂಗಿ, ಕೆಮ್ಮಿ, ಟ್ರ್ಯಾಕ್ಟರ್ ಚಾಲೂ ಮಾಡಿದಳು. “ನಾನೇ, ಬಂಗಾರ.”

ಪಕ್ಕದ ಮೇಜಿನ ಟೈಪಿಸ್ಟ್ ಹುಡುಗಿ ಕಿಸಕ್ಕನೆ ನಕ್ಕು ಕಂಪ್ಯೂಟರಿನ ಹಿಂದೆ ಅಡಗಿದಳು. ಕುಬಾತ್ ನಗಲಿಲ್ಲ. “ಪೊಲೀಸಿನ ಬುರುಲ್! ನಿನ್ನ ಬಗ್ಗೆ ಕೇಳಿದ್ದೆ. ಕೊಡು ಲಕೋಟೆ.”

“ಕದ್ದಿದ್ದನ್ನ ಯಾಕೆ ಕೊಡ್ಲಿ?”

“ಕದ್ದಿದ್ದಾ? ನಾನಾ?”

ಇಷ್ಟು ಕೇಳಿದ್ದೇ ಮೀರ್‌ಗುಲ್ ಬಾಗಿಲು ತಳ್ಳಿಕೊಂಡು ನುಗ್ಗಿದಳು. “ಅವಳು ನನ್ನೋಳು! ಮೂರು ವರ್ಷ ಬರ್ದಿದ್ದೀನಿ! ನಿಮ್ಗೆ ಕ್ಯಾಲೆಂಡರ್ ಮಾಡ್ಕೊಂಡು ಇರೋಕೆ ಏನಾಗಿತ್ತು?”

“ಯಾರಮ್ಮಾ ನೀನು?”

“ಸೋನುನ್ ಅಜ್ಜಿ ಮೊಮ್ಮಗಳು! ಈ ಹೊದಿಕೆ ಅವಳದ್ದು, ಆ ಕತೆ ಅವಳದ್ದು, ಈಗ ನಂದು!”

ಕುಬಾತ್‌ನ ಮುಖದಲ್ಲಿ ಏನೋ ಸಡಿಲವಾಯಿತು. ಅವನು ಕುರ್ಚಿಯಲ್ಲಿ ಕುಸಿದು, ಕೈ ಬೀಸಿ ಲಕೋಟೆಯ ಕಡೆ ತೋರಿಸಿದ. “ಸೋನುನ್ ಮೊಮ್ಮಗಳಾ? ಹಾಗಾದ್ರೆ ತೆಗಿ. ತೆಗೆದು ನೀನೇ ಓದು.”

ಮೀರ್‌ಗುಲ್ ಲಕೋಟೆ ಕಸಿದುಕೊಂಡು ತೆರೆದಳು. ಒಳಗಿದ್ದದ್ದು ನರೀನ್ ಊರ ಕಡೆಯ ಯಾವುದೋ ಉಣ್ಣೆ ಸಂಘದ ಹಳದಿಯಾದ ಹಾಳೆ. ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದು, ಕೆಂಪು ಶಾಯಿ ತುಂಬಿದ ಹುಡುಗಿ. ಜಡೆಗಳು, ಬರಿಗಾಲು, ಉದ್ದದ ಎಡತೋಳು, ಮೊಂಡು ಕೊಂಬಿನ ಹೊದಿಕೆ. ಕೆಳಗೆ ನಾಲ್ಕು ಚೌಕ ಎಳೆದು, ಚೌಕಕ್ಕೊಂದು ಪುಟ್ಟ ಚಿತ್ರ. ಅದರ ಕೆಳಗೆ ತಾರೀಖು: ೧೯೭೧. ಹೆಸರು: ಕಾಲ್ಬೂಬೂ.

ಸೋನುನ್ ಅಲ್ಲ.

“ಮೊದಲ ಚೌಕದಲ್ಲಿ ಏನು ಬರೆದಿದೆ?” ಬುರುಲ್ ಮೆಲ್ಲಗೆ ಕೇಳಿದಳು.

ಮೀರ್‌ಗುಲ್ ಬೆರಳಿಟ್ಟು ಓದಿದಳು. “‘ಗಾಳಿಗೆ ಮನೆ ಇರಲಿಲ್ಲ. ಅದಕ್ಕೇ ಅವಳು ತೋಳು ಉದ್ದ ಬಿಟ್ಟಳು.’”

“ಯಾಕೆ ಮುಖ ಹಾಗಾಯ್ತು?”

“ನನ್ನ ಪುಸ್ತಕದ ಮೊದಲನೇ ಸಾಲು ಇದು ಎಜೆ. ಅಜ್ಜಿ ಹೇಳಿದ ಹಾಗೇ ಹಾಕಿದ್ದೆ. ಅಚ್ಚಾಗಿ ಹೋಗಿದೆ.”

ಕುಬಾತ್‌ನ ಹೊಟ್ಟೆ ಅಲುಗಿತು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಆಮೇಲೆ ಇಡೀ ಮೈಯಲ್ಲಿ ಅವನು ನಗತೊಡಗಿದ.

“ಎರಡು ದಿನದಿಂದ ನಿದ್ದೆ ಇಲ್ಲ ನನಗೆ! ಊರೆಲ್ಲ ಕಳ್ಳ ಕಳ್ಳ ಅಂತಿದೆ, ನಾನೇ ಕಳ್ಳನಾ ಅಂತ ನನಗೇ ಅನುಮಾನ. ಸಮಿತಿಗೆ ಇದನ್ನ ಹೆಂಗೆ ತೋರಿಸಲಿ, ಸೋನುನ್ ಮೊಮ್ಮಗಳನ್ನ ಎಲ್ಲಿ ಹುಡುಕಲಿ ಅಂತ ಒದ್ದಾಡ್ತಿದ್ದೆ. ನೀನು ಗಂಟಲು ಬದಲಾಯಿಸ್ಕೊಂಡು, ರುಮಾಲು ಕಟ್ಕೊಂಡು, ಅವಳನ್ನ ಕರ್ಕೊಂಡು ಬಂದೆಯಲ್ಲ ಬುರುಲ್! ಕಳ್ಳರನ್ನ ಹಿಡಿದೇಬಿಟ್ಟೆ! ಆದ್ರೆ ನಿನ್ನ ಕಳ್ಳಿ ತೀರ್ಕೊಂಡು ಎರಡು ವರ್ಷ ಆಯ್ತಂತೆ!”

“ನಮ್ಮಜ್ಜಿ ಕಳ್ಳಿ ಅಲ್ಲ!” ಮೀರ್‌ಗುಲ್ ಕಿರುಚಿದಳು.

“ಹೌದೋ ಅಲ್ಲವೋ, ನನ್ನ ಯಾಕೆ ಕೇಳ್ತೀಯ?” ಅವನು ಕಣ್ಣೊರೆಸಿಕೊಳ್ಳುತ್ತ ಹಿಂದಿನ ಕೋಣೆಯ ಪರದೆಯ ಕಡೆ ಕತ್ತು ತಿರುಗಿಸಿದ. “ಬೆಳಗ್ಗೆಯಿಂದ ಅಲ್ಲಿ ಕೂತು ನನ್ನ ಚಹಾ ಎಲ್ಲಾ ಖಾಲಿ ಮಾಡ್ತಿದ್ದಾರಲ್ಲ ಕಾಲ್ಬೂಬೂ ಅಜ್ಜಿ, ಅವ್ರನ್ನೇ ಕೇಳು.”

ಪರದೆಯ ಹಿಂದೆ ಬಟ್ಟಲು ಕೆಳಗಿಟ್ಟ ಸದ್ದಾಯಿತು. ಯಾರೋ ಎರಡು ಸಲ ಕೆಮ್ಮಿದರು.

“ನಾನು ನೀನಾ, ಬಂಗಾರ!” ಎಂದಿತು ಒಂದು ಮುದಿದನಿ. ಅದೇ ಟ್ರ್ಯಾಕ್ಟರು, ಅದೇ ಕರಕರ. ಬುರುಲ್ ಪರದೆಯ ಕಡೆ ತಿರುಗಿದಳು. ತನ್ನ ಈ ವಿದ್ಯೆಯನ್ನು ಇನ್ನೊಬ್ಬರ ಬಾಯಲ್ಲಿ ಅವಳು ಈವರೆಗೆ ಕೇಳಿರಲಿಲ್ಲ. ಆ ದನಿ ಮರುಕ್ಷಣವೇ ಬದಲಾಗಿ ತಣ್ಣಗಾಯಿತು. “ಸಾಕು ನಗು ಕುಬಾತ್. ಹುಡುಗಿನ ಒಳಗೆ ಕಳಿಸು, ಒಬ್ಬಳನ್ನೇ. ಕತೆ ಅವಳೇ ಇಟ್ಕೊಳ್ಳಲಿ, ಅದಕ್ಕೆ ನಾನು ಬಂದಿಲ್ಲ. ಸೋನುನ್ ಆ ವರ್ಷ ನನ್ನ ಮನೆಯಿಂದ ಒಂದು ಕೂಸನ್ನೂ ಎತ್ಕೊಂಡು ಹೋದಳು. ಅದು ಈಗ ಎಲ್ಲಿದೆ ಅಂತ ಹೇಳಲಿ.”

ಮೀರ್‌ಗುಲ್ ಹಾಳೆಯನ್ನು ಮೇಜಿನ ಮೇಲಿಟ್ಟಳು. ಬುರುಲ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಸಾವಿರದ ಒಂಬೈನೂರ ಎಪ್ಪತ್ತೊಂದರ ಕೂಸಿಗೆ ಈಗ ಎಷ್ಟು ವಯಸ್ಸು? ಐವತ್ತನಾಲ್ಕು, ತನ್ನಷ್ಟೇ. “ನಿಮ್ಮಪ್ಪ ಹುಟ್ಟಿದ್ದು ಯಾವಾಗ?” ಎಂದು ಮೀರ್‌ಗುಲ್‌ಳನ್ನು ಕೇಳಲು ಬಾಯಿ ತೆರೆದಳು. ಕೇಳಿದಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಪರದೆಯ ಹಿಂದಿನ ಮಾತು ಇನ್ನೂ ತಲೆಗೆ ಹೋಗದ ಕುಬಾತ್ ಮೇಜು ಕುಟ್ಟಿ ಕುಟ್ಟಿ, ಮಹಡಿಯೇ ಅದುರುವಂತೆ ನಗುತ್ತಲೇ ಇದ್ದ.